ಕನ್ನಡ ಟೈಪಿಂಗ್ ಕೈಕೊಟ್ಟಾಗ ತಪ್ಪು ಎಲ್ಲಿದೆ ಅಂತ ಹುಡುಕುವುದು

ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವಾಗ ಏನಾದರೂ ಎಡವಟ್ಟಾದರೆ ಹೆಚ್ಚಿನವರು ಮೊದಲು ಸಾಫ್ಟ್‌ವೇರ್ ಕಿತ್ತುಹಾಕಿ ಮತ್ತೆ ಹಾಕುತ್ತಾರೆ. ಅದರಿಂದ ಆಗಲಿಲ್ಲ ಅಂದರೆ ಸಿಕ್ಕ ಕಡೆಯಿಂದ ಇನ್ನೊಂದು ಫಾಂಟ್ ಇಳಿಸಿಕೊಳ್ಳುತ್ತಾರೆ. ಅದರಿಂದಲೂ ಆಗಲಿಲ್ಲ ಅಂದರೆ ಬೇಸತ್ತು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸುತ್ತಾರೆ. ನನಗೆ ಸಂಕಟ ಆಗುವುದು ಇಲ್ಲಿಯೇ. ಐದು ನಿಮಿಷದಲ್ಲಿ ಸರಿಹೋಗುವ ಒಂದು ಸೆಟ್ಟಿಂಗ್‌ಗಾಗಿ ಯಾರೂ ಕನ್ನಡ ಲಿಪಿಯಲ್ಲಿ ಬರೆಯುವುದನ್ನು ಬಿಡಬಾರದು.

ಬೆರಳು ಒತ್ತಿದ್ದು ಪರದೆಯ ಮೇಲೆ ಅಕ್ಷರವಾಗಿ ಮೂಡಲು ನಾಲ್ಕು ಹಂತ ದಾಟಬೇಕು. ಮೊದಲನೆಯದು ಕೀ. ಎರಡನೆಯದು ಕೀಬೋರ್ಡ್ ವಿನ್ಯಾಸ, ಅಂದರೆ ಯಾವ ಕೀ ಒತ್ತಿದರೆ ಯಾವ ಅಕ್ಷರ ಬರಬೇಕು ಅನ್ನುವ ಲೆಕ್ಕ. ಮೂರನೆಯದು ಸಂಕೇತ, ಅಂದರೆ ಆ ಅಕ್ಷರವನ್ನು ಕಂಪ್ಯೂಟರ್ ಒಳಗೆ ಯಾವ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ ಅನ್ನುವುದು. ನಾಲ್ಕನೆಯದು ಫಾಂಟ್ ಮತ್ತು ಅಕ್ಷರ ಜೋಡಿಸುವ ಸಾಫ್ಟ್‌ವೇರ್. ತೊಂದರೆ ಯಾವ ಹಂತದಲ್ಲಿದೆ ಅಂತ ಗೊತ್ತಾಗದೆ ಏನನ್ನೂ ಬದಲಿಸಬೇಡಿ. ಒಂದು ಸಲಕ್ಕೆ ಒಂದೇ ಪರೀಕ್ಷೆ ಮಾಡಿ. ಎಲ್ಲ ಪರೀಕ್ಷೆಯನ್ನೂ ನೋಟ್‌ಪ್ಯಾಡ್‌ನಲ್ಲೇ ಮಾಡಿ. ವರ್ಡ್‌ನಲ್ಲಿ ತಾನಾಗಿ ತಿದ್ದುವುದು, ಫಾಂಟ್ ಬದಲಿಸುವುದು ಹೀಗೆ ನೂರೆಂಟು ಸಹಾಯಗಳಿವೆ. ನಿಜವಾದ ತಪ್ಪು ಅವುಗಳ ಹಿಂದೆ ಅಡಗಿಬಿಡುತ್ತದೆ.

ಇಂಗ್ಲಿಷ್ ಆದರೂ ಸರಿಯಾಗಿ ಬರುತ್ತಿದೆಯೇ?

ವಿಂಡೋಸ್ ಕೀ ಒತ್ತಿ ಹಿಡಿದು ಸ್ಪೇಸ್ ಒತ್ತಿ. ಇರುವ ವಿನ್ಯಾಸಗಳ ಪಟ್ಟಿ ಬರುತ್ತದೆ. ಇಂಗ್ಲಿಷ್ ಆರಿಸಿ ಒಂದು ಸಾಲು ಹೊಡೆಯಿರಿ. ಇಂಗ್ಲಿಷೇ ತಪ್ಪಾಗಿ ಬಂದರೆ ಕನ್ನಡದ ಮೇಲೆ ಅನುಮಾನ ಪಡಬೇಕಾಗಿಲ್ಲ.

ಯು, ಐ, ಓ ಒತ್ತಿದರೆ 4, 5, 6 ಬರುತ್ತಿದೆಯಾ? ಜೆ, ಕೆ, ಎಲ್ ಒತ್ತಿದರೆ 1, 2, 3? ಹಾಗಿದ್ದರೆ ನಮ್ ಲಾಕ್ ಆನ್ ಆಗಿದೆ. ಪಕ್ಕದಲ್ಲಿ ಅಂಕಿಗಳ ಭಾಗವಿಲ್ಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತದೆ. ನಮ್ ಲಾಕ್ ಕೀಯನ್ನು ಒಂದು ಸಲ ಒತ್ತಿ, ಇಲ್ಲವೇ ಎಫ್ಎನ್ ಕೀ ಜೊತೆಗೆ ಒತ್ತಿ.

ಮೆಲ್ಲಗೆ ಒತ್ತಿದರೆ ಅಕ್ಷರವೇ ಬರುತ್ತಿಲ್ಲ, ಒತ್ತಿ ಹಿಡಿದರೆ ಮಾತ್ರ ಬರುತ್ತದೆ ಅಂದರೆ ಫಿಲ್ಟರ್ ಕೀಸ್ ಆನ್ ಆಗಿರಬಹುದು. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಹಿಡಿದರೆ ಅದರ ಕಿಟಕಿ ಬರುತ್ತದೆ. ಶಿಫ್ಟ್ ಅನ್ನು ಐದು ಸಲ ಒತ್ತಿದರೆ ಸ್ಟಿಕ್ಕಿ ಕೀಸ್ ಕಿಟಕಿ ಬರುತ್ತದೆ. ಕನ್ನಡ ಟೈಪ್ ಮಾಡುವವರಿಗೆ ಈ ಕಾಟ ಜಾಸ್ತಿ. ಖ, ಘ, ಥ, ಧ ಎಲ್ಲಕ್ಕೂ ಶಿಫ್ಟ್ ಬೇಕು, ಅಲ್ವಾ? ಏನು ಬರೆಯಬೇಕು ಅಂತ ಯೋಚಿಸುತ್ತಾ ಬೆರಳು ಶಿಫ್ಟ್ ಮೇಲೆಯೇ ನಿಂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್ ತೆರೆದು ಎರಡನ್ನೂ ಆಫ್ ಮಾಡಿ. ಅಲ್ಲೇ ಇರುವ ಶಾರ್ಟ್‌ಕಟ್ ಆಯ್ಕೆಯನ್ನೂ ತೆಗೆದುಬಿಡಿ. ಇಲ್ಲದಿದ್ದರೆ ನಾಳೆ ಮತ್ತೆ ಬರುತ್ತದೆ. ಕೈನಡುಕ ಇರುವವರಿಗೆ, ಒಂದೇ ಕೈಯಲ್ಲಿ ಟೈಪ್ ಮಾಡುವವರಿಗೆ ಇವು ನಿಜಕ್ಕೂ ಬೇಕಾದ ಸೌಲಭ್ಯಗಳು. ಮನೆಯವರೆಲ್ಲ ಬಳಸುವ ಕಂಪ್ಯೂಟರ್ ಆದರೆ ಆಫ್ ಮಾಡುವ ಮುಂಚೆ ಒಂದು ಮಾತು ಕೇಳಿ.

ಒಂದೇ ಒಂದು ಕೀ ಕೆಲಸ ಮಾಡುತ್ತಿಲ್ಲವೇ? ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ಅದೇ ಕೀಯನ್ನು ಮೌಸ್‌ನಿಂದ ಒತ್ತಿ ನೋಡಿ. ಅಕ್ಷರ ಬಂದರೆ ಕೀ ಹಾಳಾಗಿದೆ ಅಥವಾ ಧೂಳು ತುಂಬಿದೆ. ಬರದಿದ್ದರೆ ಸೆಟ್ಟಿಂಗ್‌ನಲ್ಲಿ ಹುಡುಕಿ.

ಈ ಹಂತದಲ್ಲೇ ಬರುವ ಇನ್ನೊಂದು ತೊಂದರೆ ಬಹಳ ಜನರನ್ನು ಗಾಬರಿಗೊಳಿಸುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಹೊಡೆದರೂ ಲಾಗಿನ್ ಆಗುವುದಿಲ್ಲ. ಅದರಲ್ಲಿ @ ಚಿಹ್ನೆ ಇದೆಯೇ ನೋಡಿ. ಶಿಫ್ಟ್ ಹಿಡಿದು 2 ಒತ್ತಿದರೆ ಅಮೆರಿಕದ ವಿನ್ಯಾಸದಲ್ಲಿ @ ಬರುತ್ತದೆ, ಬ್ರಿಟನ್ನಿನ ವಿನ್ಯಾಸದಲ್ಲಿ ಉದ್ಧರಣ ಚಿಹ್ನೆ ಬರುತ್ತದೆ. ನಮ್ಮಲ್ಲಿ ಮಾರಾಟವಾಗುವ ಕೀಬೋರ್ಡ್‌ಗಳ ಮೇಲೆ ಸಾಮಾನ್ಯವಾಗಿ ಅಮೆರಿಕದ ಗುರುತುಗಳೇ ಇರುತ್ತವೆ. ವಿಂಡೋಸ್ ಹಾಕುವಾಗ ಬ್ರಿಟನ್ನಿನ ಇಂಗ್ಲಿಷ್ ಆರಿಸಿದ್ದರೆ ಕೀ ಮೇಲೆ ಒಂದು ಅಚ್ಚಾಗಿರುತ್ತದೆ, ಪರದೆಯಲ್ಲಿ ಇನ್ನೊಂದು ಬರುತ್ತದೆ. ಲಾಗಿನ್ ಪರದೆಯ ಬಲ ಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ, ಅಲ್ಲಿ ಬದಲಿಸಿ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ನಿಜವಾಗಿ ಏನು ಬಿದ್ದಿದೆ ಅನ್ನುವುದೂ ಕಾಣುತ್ತದೆ. ಒಳಗೆ ಹೋದ ಮೇಲೆ ಬೇಡದ ವಿನ್ಯಾಸವನ್ನು ಪಟ್ಟಿಯಿಂದ ತೆಗೆದುಹಾಕಿ. ರೂಪಾಯಿ ಚಿಹ್ನೆ ₹ ಬೇಕಿದ್ದವರು ಇಂಗ್ಲಿಷ್ ಇಂಡಿಯಾ ವಿನ್ಯಾಸ ಇಟ್ಟುಕೊಳ್ಳಿ. ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ಸಾಕು.

ಕನ್ನಡ ಬರುತ್ತದೆ, ಆದರೆ ಬೇರೆ ಅಕ್ಷರ

ವಿಂಡೋಸ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಸಿಗುತ್ತದೆ. ಶಾಲೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಜನ ಕಲಿತಿರುವುದು ಹೆಚ್ಚಾಗಿ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ನುಡಿ ವಿನ್ಯಾಸ, ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಅಂತ ಎಲ್ಲರೂ ಕರೆಯುವುದು ಅದನ್ನೇ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ ಮೂರನೆಯದೊಂದು ಸೇರಿತು. ಅದು ಫೋನೆಟಿಕ್, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆಯಂತೆ ಹೊಡೆದರೆ ಕನ್ನಡ ಪದ ಕೊಡುವ ವಿನ್ಯಾಸ. ಮೂರೂ ಬೇರೆ ಬೇರೆ. ಒಂದರ ಅಭ್ಯಾಸ ಇನ್ನೊಂದರಲ್ಲಿ ನಡೆಯುವುದಿಲ್ಲ.

ಯಾವುದು ಆನ್ ಇದೆ ಅಂತ ತಿಳಿಯಲು ಎಚ್ ಕೀ ಒತ್ತಿ. ‘ಪ’ ಬಂದರೆ ಇನ್‌ಸ್ಕ್ರಿಪ್ಟ್. ‘ಹ’ ಬಂದರೆ ನುಡಿ ವಿನ್ಯಾಸ ಇರಬಹುದು. ಖಚಿತ ಮಾಡಿಕೊಳ್ಳಲು ಕೆ ಒತ್ತಿ, ಆಮೇಲೆ ಎಫ್ ಒತ್ತಿ. ನುಡಿಯಲ್ಲಿ ‘ಕ್’ ಆಗುತ್ತದೆ, ಇನ್‌ಸ್ಕ್ರಿಪ್ಟ್‌ನಲ್ಲಿ ‘ಕಿ’ ಆಗುತ್ತದೆ. ಟೈಪ್ ಮಾಡುವಾಗ ಪಕ್ಕದಲ್ಲಿ ಪದಗಳ ಪಟ್ಟಿ ಇಳಿದರೆ ಅದು ಫೋನೆಟಿಕ್. ಬದಲಿಸಲು ಸೆಟ್ಟಿಂಗ್ಸ್‌ನ ಟೈಮ್ ಅಂಡ್ ಲ್ಯಾಂಗ್ವೇಜ್ ಭಾಗಕ್ಕೆ ಹೋಗಿ. ಕನ್ನಡದ ಪಕ್ಕದ ಮೂರು ಚುಕ್ಕೆ ಒತ್ತಿ, ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದರೆ ಕೀಬೋರ್ಡ್ ಸೇರಿಸುವ, ತೆಗೆಯುವ ಜಾಗ ಸಿಗುತ್ತದೆ. ಬಳಸದ ವಿನ್ಯಾಸಗಳನ್ನು ಸುಮ್ನೆ ಇಟ್ಟುಕೊಳ್ಳಬೇಡಿ. ಪಟ್ಟಿ ಚಿಕ್ಕದಾದಷ್ಟೂ ಗೊಂದಲ ಕಡಿಮೆ.

ಈಗ ಎಲ್ಲಕ್ಕಿಂತ ಹೆಚ್ಚು ಕಾಡುವ ತೊಂದರೆ. ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ತೆರೆದಿದೆ, ಜೊತೆಗೆ ವಿಂಡೋಸ್‌ನ ಕನ್ನಡವೂ ಆನ್ ಇದೆ. ನೀವು ಒತ್ತಿದ ಒಂದೇ ಕೀಯನ್ನು ಇಬ್ಬರೂ ಕನ್ನಡ ಮಾಡಲು ಹೊರಡುತ್ತಾರೆ. ಫಲಿತಾಂಶ ಕಲಸುಮೇಲೋಗರ: ಒಂದು ಅಕ್ಷರ ಸರಿ, ಮುಂದಿನದು ತಪ್ಪು, ನಡುವೆ ಗುಣಿತ ಮಾಯ. ಇದಕ್ಕೆ ನಿಯಮ ಒಂದೇ. ನುಡಿ ಅಥವಾ ಬರಹ ಬಳಸುವಾಗ ವಿಂಡೋಸ್ ವಿನ್ಯಾಸ ಇಂಗ್ಲಿಷ್‌ನಲ್ಲೇ ಇರಲಿ. ವಿಂಡೋಸ್ ಕನ್ನಡ ಬಳಸುವುದಾದರೆ ಅವುಗಳನ್ನು ಪೂರ್ತಿ ಮುಚ್ಚಿ. ಕಿಟಕಿ ಮುಚ್ಚಿದರೆ ಸಾಲದು, ಗಡಿಯಾರದ ಪಕ್ಕದ ಚಿಕ್ಕ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ಹೊರಗೆ ಕಳಿಸಬೇಕು.

ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಗುವುದು ಸ್ಕ್ರೋಲ್ ಲಾಕ್ ಕೀಯಿಂದ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಆ ಕೀಯೇ ಇಲ್ಲ. “ನುಡಿ ಹಾಕಿದ್ದೇನೆ, ಕನ್ನಡ ಬರುತ್ತಿಲ್ಲ” ಅನ್ನುವವರು ಮೊದಲು ಇದನ್ನು ನೋಡಬೇಕು. ಮೇಲೆ ಹೇಳಿದ ಪರದೆಯ ಕೀಬೋರ್ಡ್‌ನಲ್ಲಿ ಸ್ಕ್ರೋಲ್ ಲಾಕ್ ಇದೆ, ಅದನ್ನು ಒತ್ತಿ. ಅದೇ ಕೀಗೆ ಇನ್ನೊಂದು ಪರಿಣಾಮವೂ ಇದೆ. ಸ್ಕ್ರೋಲ್ ಲಾಕ್ ಆನ್ ಇದ್ದಾಗ ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದರೆ ಮುಂದಿನ ಮನೆಗೆ ಹೋಗುವ ಬದಲು ಇಡೀ ಹಾಳೆಯೇ ಸರಿಯುತ್ತದೆ. ಎಕ್ಸೆಲ್ ಕೆಟ್ಟಿಲ್ಲ. ಸ್ಕ್ರೋಲ್ ಲಾಕ್ ತೆಗೆಯಿರಿ, ಅಷ್ಟೇ.

ಎಲ್ಲ ಕಡೆ ಕನ್ನಡ ಬರುತ್ತದೆ, ಒಂದು ಪ್ರೋಗ್ರಾಂನಲ್ಲಿ ಮಾತ್ರ ಬರುವುದಿಲ್ಲ ಅಂದರೆ ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದಿದೆಯೇ ನೋಡಿ. ಸಾಮಾನ್ಯ ಅಧಿಕಾರದಲ್ಲಿ ಓಡುವ ಟೈಪಿಂಗ್ ಸಾಫ್ಟ್‌ವೇರ್ ಹೆಚ್ಚಿನ ಅಧಿಕಾರದ ಕಿಟಕಿಯೊಳಗೆ ಕೈಹಾಕಲು ವಿಂಡೋಸ್ ಬಿಡುವುದಿಲ್ಲ. ಅದು ಸುರಕ್ಷತೆಗೆ ಇರುವ ಏರ್ಪಾಡು. ಆ ಪ್ರೋಗ್ರಾಂ ಅನ್ನು ಮಾಮೂಲಿಯಾಗಿ ತೆರೆದರೆ ಸರಿಹೋಗುತ್ತದೆ.

ತಾನಾಗಿಯೇ ಕನ್ನಡದಿಂದ ಇಂಗ್ಲಿಷಿಗೆ ಹಾರುತ್ತಿದ್ದರೆ ಎರಡು ಕಾರಣ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ವೇಗವಾಗಿ ಟೈಪ್ ಮಾಡುವಾಗ ಇದು ಗೊತ್ತಿಲ್ಲದೆಯೇ ಆಗುತ್ತದೆ. ಇನ್ನೊಂದು, ಪ್ರತಿ ಕಿಟಕಿಗೂ ಬೇರೆ ವಿನ್ಯಾಸ ಇರಲಿ ಅನ್ನುವ ಆಯ್ಕೆಗೆ ಟಿಕ್ ಬಿದ್ದಿರುತ್ತದೆ. ಎರಡೂ ಸಿಗುವುದು ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ. ಆಲ್ಟ್ ಶಿಫ್ಟ್ ಜೋಡಿಯನ್ನು ನಾಟ್ ಅಸೈನ್ಡ್ ಮಾಡಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒಂದೇ ಸಾಕು.

ಕಳಿಸಿದ ಕನ್ನಡ ಅಲ್ಲಿ ಕನ್ನಡವಾಗಿ ಕಾಣುವುದಿಲ್ಲ

ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುವ ಪತ್ರ. ಮೇಲ್ ಮಾಡಿದರೆ ಆ ಕಡೆಯವರಿಗೆ ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಇದು ಫಾಂಟ್ ತೊಂದರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. “ಆ ಫಾಂಟನ್ನೂ ಕಳಿಸಿ” ಅನ್ನುತ್ತಾರೆ. ನಿಜವಾದ ತೊಂದರೆ ಇರುವುದು ಮೂರನೆಯ ಹಂತದಲ್ಲಿ, ಸಂಕೇತದಲ್ಲಿ.

ಕನ್ನಡದ ಹಳೆಯ ಫಾಂಟ್‌ಗಳು ಒಂದು ಉಪಾಯದ ಮೇಲೆ ನಿಂತಿದ್ದವು. ಕಂಪ್ಯೂಟರಿನ ಪಾಲಿಗೆ ಅಲ್ಲಿರುವುದು ಇಂಗ್ಲಿಷ್ ಮತ್ತು ಯೂರೋಪಿನ ಭಾಷೆಗಳ ಅಕ್ಷರಗಳೇ. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟ್ ಹಾಕಿದ್ದರಿಂದ ಅವು ಕನ್ನಡದಂತೆ ಕಾಣುತ್ತಿದ್ದವು. ಬೇರೆ ದಾರಿ ಇಲ್ಲದ ಕಾಲದಲ್ಲಿ ಈ ಉಪಾಯವೇ ಕನ್ನಡದ ಅಚ್ಚು ಕೆಲಸವನ್ನು, ಕಚೇರಿ ಕೆಲಸವನ್ನು ನಡೆಸಿತು. ಅದನ್ನು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಸಂಕೇತವೇ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ಆದರೆ ಅದು ನಮ್ಮ ಕಂಪ್ಯೂಟರುಗಳಲ್ಲಿ ನೆಟ್ಟಗೆ ಕೆಲಸ ಮಾಡಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಹಳೆಯ ಸಂಕೇತದಲ್ಲೇ ರಾಶಿ ರಾಶಿ ಕಡತಗಳು ಬೆಳೆದುಬಿಟ್ಟಿದ್ದವು. ಆ ಕಡತಗಳನ್ನು ಗೂಗಲ್‌ನಲ್ಲಿ ಕನ್ನಡ ಪದ ಹಾಕಿ ಹುಡುಕಲಾಗುವುದಿಲ್ಲ. ಮೊಬೈಲ್‌ನಲ್ಲಿ ಓದಲಾಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರ್ ಅವುಗಳ ಮುಂದೆ ಕೈಚೆಲ್ಲುತ್ತದೆ.

ಪರೀಕ್ಷೆ ಸುಲಭ. ಆ ಪತ್ರದಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಗೆರೆ ಚುಕ್ಕೆಗಳ ಇಂಗ್ಲಿಷ್ ಆದರೆ ಹಳೆಯ ಸಂಕೇತ. ಜನ ಅದನ್ನು ಆಸ್ಕಿ ಅನ್ನುತ್ತಾರೆ. ಚೌಕ ಡಬ್ಬಿಗಳು ಬಂದರೆ ಮಾತ್ರ ಫಾಂಟ್ ಇಲ್ಲ ಅಂತ ಅರ್ಥ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟ್ ವಿಂಡೋಸ್ ಜೊತೆಗೇ ಬರುವುದರಿಂದ ಡಬ್ಬಿ ಕಾಣುವುದು ಈಗ ಅಪರೂಪ.

ಹಳೆಯ ಸಂಕೇತ ಅಂತ ಗೊತ್ತಾದರೆ ಪರಿವರ್ತನೆ ಮಾಡಬೇಕು. ನುಡಿ ಮತ್ತು ಬರಹ ಎರಡರಲ್ಲೂ ಅದಕ್ಕೆ ಪರಿವರ್ತಕ ಇದೆ. ಮೂಲ ಕಡತದ ಒಂದು ಪ್ರತಿ ಬೇರೆ ಇಟ್ಟುಕೊಂಡು ಮುಂದುವರಿಯಿರಿ, ಇದನ್ನು ಮರೆಯಬೇಡಿ. ಪರಿವರ್ತಕಕ್ಕೆ ಒಂದು ಮಿತಿ ಇದೆ. ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಅದೇ ಸಂಕೇತದಲ್ಲೇ ಇರುತ್ತವೆ. ಫಾಂಟ್ ನೋಡದೆ ಬರೀ ಪಠ್ಯವನ್ನು ಬದಲಿಸುವ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. ಹೆಸರು, ಮೇಲ್ ವಿಳಾಸ, ಕಾಯ್ದೆಯ ಇಂಗ್ಲಿಷ್ ಶೀರ್ಷಿಕೆ ಎಲ್ಲವನ್ನೂ ಮೂಲದೊಂದಿಗೆ ಹೋಲಿಸಿ ನೋಡಿ. ಇನ್ನು ಮುಂದೆ ಬರೆಯುವುದನ್ನಂತೂ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇಟ್ಟುಕೊಂಡೇ ಬರೆಯಿರಿ. ಬೆರಳಿನ ಅಭ್ಯಾಸ ಬದಲಾಗುವುದಿಲ್ಲ, ವಿನ್ಯಾಸ ಅದೇ ಇರುತ್ತದೆ. ಉಳಿಯುವ ಸಂಕೇತ ಮಾತ್ರ ಬೇರೆ.

ಇಲ್ಲೊಂದು ಎಚ್ಚರಿಕೆ. ಅಕ್ಷರ ಕೆಟ್ಟು ಕಂಡಾಗ ಫಾಂಟ್ ಇಳಿಸಿಕೊಳ್ಳುವ ಆತುರವನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. 2017ರಲ್ಲಿ ಕ್ರೋಮ್ ಬಳಸುವವರಿಗೆ ಇಂಥ ಬಲೆ ಬೀಸಿದ್ದರು. ಪುಟದ ಅಕ್ಷರಗಳನ್ನು ಬೇಕೆಂದೇ ಕೆಡಿಸಿ, ‘ಫಾಂಟ್ ಸಿಗುತ್ತಿಲ್ಲ, ಅಪ್‌ಡೇಟ್ ಮಾಡಿ’ ಅನ್ನುವ ಬಟನ್ ತೋರಿಸುತ್ತಿದ್ದರು. ಒತ್ತಿ ಇಳಿಸಿಕೊಂಡರೆ ಬರುತ್ತಿದ್ದದ್ದು ವೈರಸ್ ಜಾತಿಯ ಪ್ರೋಗ್ರಾಂ. ಯಾವ ವೆಬ್ ಪುಟವೂ ನಿಮ್ಮಿಂದ ಫಾಂಟ್ ಹಾಕಿಸುವ ಅಗತ್ಯವಿಲ್ಲ. ಗುರುತಿಲ್ಲದವರ ಮೇಲ್‌ನಲ್ಲಿ ಕನ್ನಡ ಫಾಂಟ್ ಅಂತ ಬಂದ ಕಡತವನ್ನೂ ತೆರೆಯಬೇಡಿ. ಅದನ್ನು ಸ್ಪ್ಯಾಮ್ ಅಂತ ಗುರುತು ಮಾಡಿ ಅಳಿಸಿ.

ಒತ್ತಕ್ಷರ, ಅರ್ಕಾವತ್ತು, ಸೊನ್ನೆ

ಯೂನಿಕೋಡ್‌ನಲ್ಲೇ ಬರೆದರೂ ಕೆಲವು ಪದ ಹಟ ಮಾಡುತ್ತವೆ. ಇವುಗಳ ಕಾರಣ ಗೊತ್ತಾದರೆ ಸರಿಮಾಡುವುದು ಖುಷಿಯ ಕೆಲಸ.

ಚುಕ್ಕೆಗಳ ಉಂಗುರವೊಂದು ಕಂಡು, ಅದಕ್ಕೆ ಗುಣಿತ ಅಂಟಿಕೊಂಡಿದ್ದರೆ ನೀವು ವ್ಯಂಜನ ಇಲ್ಲದೆ ಗುಣಿತ ಹೊಡೆದಿದ್ದೀರಿ, ಇಲ್ಲವೇ ಎರಡು ಗುಣಿತ ಒಟ್ಟಿಗೆ ಬಿದ್ದಿವೆ. ಅಳಿಸಿ, ಮೊದಲು ವ್ಯಂಜನ ಆಮೇಲೆ ಗುಣಿತ ಹೊಡೆಯಿರಿ.

ಅರ್ಕಾವತ್ತಿನ ವಿಷಯದಲ್ಲಿ ಹಳೆಯ ಟೈಪ್‌ರೈಟರ್ ಕೈಗಳಿಗೆ ತೊಂದರೆ. ‘ಸೂರ್ಯ’ ಬರೆಯುವಾಗ ಕಣ್ಣಿಗೆ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಟೈಪ್‌ರೈಟರಿನಲ್ಲಿ ಹಾಗೆಯೇ ಹೊಡೆಯುತ್ತಿದ್ದರು. ಯೂನಿಕೋಡ್ ನಡೆಯುವುದು ಬಾಯಿ ಹೇಳುವ ಕ್ರಮದಲ್ಲಿ: ರ, ಅದಕ್ಕೆ ಹಲಂತ (‘ರ’ವನ್ನು ‘ರ್’ ಮಾಡುವ ಗುರುತು), ಆಮೇಲೆ ಯ. ಕಿವಿಗೆ ಕೇಳಿದಂತೆ ಹೊಡೆದರೆ ಅರ್ಕಾವತ್ತು ತಾನೇ ತನ್ನ ಜಾಗಕ್ಕೆ ಹೋಗುತ್ತದೆ.

ಹಾಗಾದರೆ ‘ರ‍್ಯಾಂಕ್’ ಬರೆಯಲು ಹೋದರೆ ‘ರ್ಯಾಂಕ್’ ಆಗುತ್ತದಲ್ಲ? ಹೌದು, ಅದೇ ನಿಯಮದ ಫಲ. ಇಲ್ಲಿ ‘ರ’ ಆದ ಮೇಲೆ, ಹಲಂತಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಬೇಕು. ಇದು ಕೂಡಿಸುವ ಅಕ್ಷರ. ಇದರ ಜೋಡಿ, ಬಿಡಿಸುವ ಅಕ್ಷರವೂ ಒಂದಿದೆ. ‘ಸಾಫ್ಟ್ವೇರ್’ ಅಂತ ಒತ್ತು ಒತ್ತಾಗಿ ಬಂದರೆ ‘ಟ್’ ಆದ ಮೇಲೆ ಬಿಡಿಸುವ ಅಕ್ಷರ ಹಾಕಿ, ‘ಸಾಫ್ಟ್‌ವೇರ್’ ಆಗುತ್ತದೆ. ಇವೆರಡಕ್ಕೂ ಒಂದೊಂದು ವಿನ್ಯಾಸದಲ್ಲಿ ಒಂದೊಂದು ಕೀ. ವರ್ಡ್‌ನಲ್ಲಿ ಮಾತ್ರ ಯಾವ ವಿನ್ಯಾಸದವರಿಗೂ ಒಂದು ದಾರಿ ಇದೆ. 200 ಬರೆದು ಅದಕ್ಕೆ ತಾಗಿದಂತೆ ಇಂಗ್ಲಿಷ್ ಸಿ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಬಿಡಿಸುವ ಅಕ್ಷರ ಬರುತ್ತದೆ. ಸಿ ಬದಲು ಡಿ ಹೊಡೆದರೆ ಕೂಡಿಸುವ ಅಕ್ಷರ. ಅಕ್ಷರ ಕಾಣುವುದಿಲ್ಲ, ಬರೆದ ಅಂಕಿ ಮಾಯವಾದರೆ ಬಂತು ಅಂತ ಅರ್ಥ.

ಕೊನೆಯದು ಹಿಡಿಯಲು ಕಷ್ಟವಾದದ್ದು. ಕಡತದಲ್ಲಿ ‘ಅಂಗಡಿ’ ಕಣ್ಣೆದುರೇ ಇದೆ, ಹುಡುಕಿದರೆ ಸಿಗುವುದಿಲ್ಲ. ಯಾರೋ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಹೊಡೆದಿದ್ದಾರೆ. ಎರಡೂ ಕಾಣುವುದು ಒಂದೇ ಥರ, ಸಂಕೇತ ಬೇರೆ ಬೇರೆ. ಬಾಣದ ಕೀಯಿಂದ ಪದದ ಮೇಲೆ ಒಂದೊಂದೇ ಹೆಜ್ಜೆ ಸರಿಯಿರಿ. ‘ಅಂ’ ಒಂದೇ ಹೆಜ್ಜೆಗೆ ದಾಟಿದರೆ ಅನುಸ್ವಾರ. ‘ಅ’ ಆದ ಮೇಲೆ ಕರ್ಸರ್ ನಿಂತರೆ ಅದು ಸೊನ್ನೆ. ಮತದಾರರ ಪಟ್ಟಿಯಂಥ ಹೆಸರುಗಳ ಪಟ್ಟಿ ಮಾಡುವವರು ಇದನ್ನು ಅಗತ್ಯವಾಗಿ ನೋಡಿಕೊಳ್ಳಬೇಕು. ಹೆಸರು ಇದ್ದೂ ಸಿಗದೆ ಹೋದರೆ ತೊಂದರೆ ಆಗುವುದು ಆ ಹೆಸರಿನವರಿಗೆ.

ಡಿಸೈನ್ ಮಾಡುವ ಕಡೆ

ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿರುವ ಪಠ್ಯ ಫೋಟೋಶಾಪ್‌ಗೆ ಅಂಟಿಸಿದಾಗ ಒತ್ತು ಬಿಟ್ಟುಕೊಂಡರೆ, ನಾಲ್ಕನೆಯ ಹಂತದ ತೊಂದರೆ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ವರ್ಲ್ಡ್ ರೆಡಿ, ಇನ್ನೂ ಹಳೆಯದಾದರೆ ಸೌತ್ ಏಷ್ಯನ್ ಅನ್ನುವ ಆಯ್ಕೆ ಹುಡುಕಿ ಆನ್ ಮಾಡಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನಲ್‌ನ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಇದೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದೇ ಇಲ್ಲ. ಅದನ್ನೇ ನಂಬಿರುವ ಪ್ರೆಸ್‌ನವರು ಇವತ್ತಿಗೂ ಹಳೆಯ ಸಂಕೇತ ಕೇಳುತ್ತಾರೆ. ಅವರಿಗೆ ಪರಿವರ್ತಿಸಿದ ಪ್ರತಿ ಕೊಡಿ, ನಿಮ್ಮ ಬಳಿ ಯೂನಿಕೋಡ್ ಪ್ರತಿ ಉಳಿಸಿಕೊಳ್ಳಿ. ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ಓದುವುದನ್ನು ಬಿಡಬೇಡಿ.

ಆದರೂ ಸರಿಹೋಗದಿದ್ದರೆ

ಬೇರೆಯವರನ್ನು ಕೇಳುವಾಗ “ಕನ್ನಡ ಬರುತ್ತಿಲ್ಲ” ಅಂತಷ್ಟೇ ಹೇಳಿದರೆ ಯಾರಿಗೂ ಸಹಾಯ ಮಾಡಲಾಗುವುದಿಲ್ಲ. ವಿಂಡೋಸ್ ಯಾವುದು, ನುಡಿಯೋ ಬರಹವೋ ವಿಂಡೋಸ್‌ದೇ ಕನ್ನಡವೋ, ಎಚ್ ಒತ್ತಿದರೆ ಯಾವ ಅಕ್ಷರ ಬಂತು, ನೋಟ್‌ಪ್ಯಾಡ್‌ನಲ್ಲಿ ಹೇಗೆ ಕಂಡಿತು, ಇಷ್ಟನ್ನು ಬರೆಯಿರಿ. ಪರದೆಯ ಫೋಟೋ ಜೊತೆಗೆ ತಪ್ಪಾದ ಆ ಸಾಲನ್ನೂ ಕಾಪಿ ಮಾಡಿ ಅಂಟಿಸಿ. ಅದರ ಪಕ್ಕದಲ್ಲಿ ಆ ಸಾಲು ಏನಾಗಬೇಕಿತ್ತು ಅನ್ನುವುದನ್ನು ಮೊಬೈಲ್‌ನಲ್ಲಾದರೂ ಸರಿಯಾಗಿ ಟೈಪ್ ಮಾಡಿ ಕೊಡಿ. ಫೋಟೋ ನೋಡಿದರೆ ಅಕ್ಷರದ ಆಕಾರ ಮಾತ್ರ ತಿಳಿಯುತ್ತದೆ. ಒಳಗಿನ ಸಂಕೇತ ನೋಡಬೇಕಾದರೆ ಪಠ್ಯವೇ ಬೇಕು.